ಮರಗಟ್ಟಿದ ಕಾಲಿಗೆ ಬಿಸಿನೀರು

ಬೆನ್ನಿಗೆ ಸೂಜಿ ಎಂದು ಸಿಸ್ಟರ್ ಹೇಳಿದ ಕೂಡಲೇ ಅತ್ತೆ ಮುಖ ಗಂಟಿಕ್ಕಿದರು. ಸೊಸೆಗೆ ಹೆರಿಗೆ ನೋವು ಶುರುವಾಗಿ ಒಂಬತ್ತು ಗಂಟೆಯಾಗಿತ್ತು. ಆಸ್ಪತ್ರೆಯ ಮಂಚದ ಕಂಬಿ ಹಿಡಿದು ಹಿಡಿದು ಅವಳ ಬೆರಳು ಬಿಳಚಿಕೊಂಡಿದ್ದವು. ನೋವು ಕಡಿಮೆ ಮಾಡುವ ಇಂಜೆಕ್ಷನ್ ಬೇಕೆಂದು ಅವಳೇ ಕೇಳಿದ್ದಳು. ಆದರೆ ಅತ್ತೆ ಸೊಸೆ ಇಬ್ಬರೂ ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವವರು. ಈ ಹುಡುಗಿಯ ಬೆನ್ನು, ಕಾಲು ಬಿದ್ದುಹೋದರೆ ಏನು ಗತಿ ಎಂಬುದು ಅತ್ತೆಯ ಭಯ.

"ಈ ಸೂಜಿ ಹಾಕಿಸ್ಕೊಂಡ್ರೆ ಸಾಯೋವರೆಗೂ ಬೆನ್ನುನೋವಂತೆ, ಹೌದಾ ಸಿಸ್ಟರ್?"

"ನಿಮಗೆ ಬೆನ್ನುನೋವು ಇದೆಯಾ ಅಮ್ಮ?"

"ಇಪ್ಪತ್ತು ವರ್ಷದಿಂದ ಇದೆ."

"ನಿಮಗೆ ಯಾವ ಸೂಜಿ ಹಾಕಿದ್ರು?"

ಅಷ್ಟು ನೋವಿನಲ್ಲೂ ಸೊಸೆ ನಕ್ಕುಬಿಟ್ಟಳು. ಅತ್ತೆಯೂ ಸೋತು ನಕ್ಕರು.

ಸಿಸ್ಟರ್ ಕುಳಿತು ಬಿಡಿಸಿ ಹೇಳಿದರು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ವರ್ಷಗಟ್ಟಲೆ ಕಾಡುವ ಬೆನ್ನುನೋವು ಇದರಿಂದ ಬರುವುದಿಲ್ಲ. ಸೊಂಟದ ಕೆಳಗಿನ ನೋವನ್ನು ಹೊತ್ತು ತರುವ ನರಗಳನ್ನು ಔಷಧಿ ಕೆಲಹೊತ್ತು ತಡೆಯುತ್ತದೆ. ಆಗ ಕಾಲು ಭಾರವಾಗುತ್ತದೆ, ಬಿಪಿ ಇಳಿಯಬಹುದು, ಮೈ ನಡುಗಬಹುದು, ತುರಿಸಬಹುದು. ಮೂತ್ರ ತುಂಬಿದ್ದೂ ತಿಳಿಯದೆ ಹೋಗಬಹುದು. ಅದಕ್ಕೇ ತಾಯಿಯ ಬಿಪಿಯನ್ನೂ ಮಗುವಿನ ಎದೆಬಡಿತವನ್ನೂ ಪದೇ ಪದೇ ನೋಡುತ್ತಾರೆ. ಬೇಕೋ ಬೇಡವೋ ಎಂದು ಹೇಳಬೇಕಾದವಳು ಹೆರುವವಳೇ.

ಸೊಸೆ ಬೇಕು ಎಂದಳು. ಡಾಕ್ಟರು ಬೆನ್ನಿಗೆ ಸಣ್ಣ ಕೊಳವೆ ಹಾಕಿ ಔಷಧಿ ಬಿಟ್ಟರು. ಅರ್ಧ ಗಂಟೆಯೊಳಗೆ ಅವಳ ಮುಖ ಸಡಿಲವಾಯಿತು. ಆಮೇಲೆ ಹಲ್ಲು ಕಟಕಟ ಎನ್ನುವಷ್ಟು ನಡುಕ ಬಂತು. ಸಿಸ್ಟರ್ ಬಿಪಿ ನೋಡಿ, ಹೊದಿಕೆ ಹೊದಿಸಿ, ಇದು ಮಾಮೂಲಿ ಎಂದು ಹೇಳಿ ಪಕ್ಕದ ಮಂಚಕ್ಕೆ ಹೋದರು.

ಅತ್ತೆಯ ಕರುಳು ಕೇಳಬೇಕಲ್ಲ! ಬಾಟಲಿಗೆ ಬಿಸಿನೀರು ತುಂಬಿ ತಂದು, ಟವೆಲ್ ಸುತ್ತಿ ಸೊಸೆಯ ಪಾದಕ್ಕಿಟ್ಟರು.

"ಬಿಸಿ ತಾಗ್ತಿದೆಯಾ?"

"ಏನೂ ಗೊತ್ತಾಗ್ತಿಲ್ಲ ಅತ್ತೆ."

ಶಾಖ ಸಾಲದೇನೋ ಎಂದು ಟವೆಲ್ಲನ್ನೂ ತೆಗೆದರು. ಸಿಸ್ಟರ್ ತಿರುಗಿ ನೋಡಿದವರೇ ಬಂದು ಬಾಟಲಿ ಕಿತ್ತುಕೊಂಡರು. ಪಾದ ಕೆಂಪೇರಿತ್ತು. ತಣ್ಣೀರ ಬಟ್ಟೆ ಹಾಕುತ್ತಾ ಮೆಲ್ಲಗೆ ಹೇಳಿದರು:

"ನೋವು ಗೊತ್ತಾಗದ ಕಾಲಿಗೆ ಸುಡೋದೂ ಗೊತ್ತಾಗಲ್ಲ ಅಮ್ಮ. ಏನೇ ಆದ್ರೂ ಮೊದಲು ನನ್ನನ್ನ ಕರೀರಿ."

ಸಿಸ್ಟರ್ ಗದರಿದ್ದರೂ ಅತ್ತೆಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ಹೆಣ್ಣು ಮಗು ಹುಟ್ಟಿತು. ಮಗು ಮಡಿಲಲ್ಲಿದ್ದರೂ ಅತ್ತೆಯ ಕಣ್ಣು ಸೊಸೆಯ ಕಾಲಿನ ಮೇಲೆಯೇ. ಕೊಳವೆ ತೆಗೆದು ಒಂದು ಗಂಟೆಯಾಯಿತು, ಎರಡಾಯಿತು. ಕಾಲು ಕೊರಡಿನಂತೆ ಬಿದ್ದಿತ್ತು. ಮೂರನೆಯ ಗಂಟೆಗೆ ಹೆಬ್ಬೆರಳು ಅಲುಗಿತು. ಸೊಸೆ ಮುಖ ಹಿಂಡಿದಳು.

"ಅತ್ತೆ, ಪಾದ ಉರೀತಿದೆ."

"ಉರೀಲಿ ಕಣಮ್ಮ, ಉರೀಲಿ," ಎಂದು ಅತ್ತೆ ಗಳಗಳನೆ ಅತ್ತುಬಿಟ್ಟರು.

ಅಕ್ಕಂದಿರೇ, ಅತ್ತೆಯಂದಿರೇ, ಹೆರಿಗೆಗೆ ಮುಂಚೆಯೇ ಈ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆನ್ನಿನ ಆಪರೇಷನ್ ಆಗಿದ್ದರೆ ಮುಚ್ಚಿಡಬೇಡಿ. ಕಾಲಿಗೆ ಸ್ಪರ್ಶ ಮರಳುವವರೆಗೆ ಬಿಸಿ ಇಡಬೇಡಿ, ಒಬ್ಬಳನ್ನೇ ಎದ್ದು ನಡೆಯಲು ಬಿಡಬೇಡಿ. ಜ್ವರ ಬಂದರೆ, ಎದ್ದು ಕುಳಿತಾಗ ತಲೆ ಸಿಡಿದರೆ, ಕಾಲಿನ ಜೋಮು ಹೋಗದಿದ್ದರೆ ಕೂಡಲೇ ತಿಳಿಸಿ. ನೋವು ಸಾಕು ಎಂದು ನಿಮ್ಮ ಮನೆಯ ಹುಡುಗಿ ಹೇಳಿದರೆ, ದಯವಿಟ್ಟು ಅವಳ ಮಾತು ಕೇಳಿ.