ಬಿಳಿ ಕಾರಿನ ಮೂಗು

ನಾನು ಒಂದು ಮೂಗು. ನಗಬೇಡಿ. ಕಾರಿಗೆ ಕಣ್ಣಿನಂತೆ ದೀಪಗಳಿವೆ, ಗಂಟಲಿನಂತೆ ಹಾರ್ನ್ ಇದೆ ಎಂದು ಎಲ್ಲರೂ ಬಲ್ಲಿರಿ. ಮೂಗೂ ಇದೆ ಎಂಬುದು ಮಾತ್ರ ಅದು ಕೆಟ್ಟ ಮೇಲೆಯೇ ನಿಮಗೆ ತಿಳಿಯುತ್ತದೆ. ನನ್ನ ಹೆಸರು ಆಕ್ಸಿಜನ್ ಸೆನ್ಸರ್. ಹೆಬ್ಬೆರಳಿನಷ್ಟು ಉಕ್ಕಿನ ಮೈ, ಒಳಗೆ ಪಿಂಗಾಣಿಯ ಎಲುಬು, ಹಿಂದೆ ವೈರುಗಳ ಜಡೆ, ಜಡೆಯ ತುದಿಗೆ ಒಂದು ಪ್ಲಗ್ಗು. ನನ್ನನ್ನು ಸುಟ್ಟ ಒಲೆಯ ಹತ್ತಿರ ಬೇಸಿಗೆಯ ಸೂರ್ಯ ಬಂದಿದ್ದರೂ ಬೆವರು ಒರೆಸಿಕೊಳ್ಳಲು ಟವೆಲ್ ಕೇಳುತ್ತಿದ್ದ.

ನನ್ನ ಕೆಲಸ ಹೇಳುವುದು ಸುಲಭ. ಮುಖವನ್ನು ಹೊಗೆ ಕೊಳವೆಯೊಳಗೆ ಇಟ್ಟು ಎಂಜಿನ್ನಿನ ಹೊಗೆ ಮೂಸುತ್ತೇನೆ. ಬೆನ್ನ ಹಿಂದಿನ ವೈರುಗಳ ಸಂದಿಯಿಂದ ಹೊರಗಿನ ಗಾಳಿ ಎಳೆದುಕೊಳ್ಳುತ್ತೇನೆ. ಎರಡನ್ನೂ ಹೋಲಿಸಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕಾರಿನ ಕಂಪ್ಯೂಟರಿಗೆ ಚಾಡಿ ಹೇಳುತ್ತೇನೆ. ಹೊರಗಿನ ಗಾಳಿ ಸಿಗದಿದ್ದರೆ ಒಳಗಿನ ಹೊಗೆಯ ಗುಣ ನನಗೆ ತಿಳಿಯದು. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದ ಕತೆ ತಾನಾಗಿ ತಿಳಿಯುತ್ತದೆ.

ಮೊದಲು ನನ್ನನ್ನು ಹುಬ್ಬಳ್ಳಿಯ ವಕೀಲರೊಬ್ಬರ ಕಾರಿಗೆ ಕೊಟ್ಟರು. ಮನೆಯಿಂದ ಕೋರ್ಟು, ಕೋರ್ಟಿನಿಂದ ಮನೆ. ಅಷ್ಟೇ ನಮ್ಮ ಸಂಸಾರ. ಒಂದು ದಿನ ಬಿರುಗಾಳಿಗೆ, ನಿಂತಿದ್ದ ಕಾರಿನ ಬೆನ್ನ ಮೇಲೆ ಮರ ಬಿತ್ತು. ಕಾರು ಹೋಯಿತು. ನನಗೆ ಒಂದು ತರಚುಗಾಯವೂ ಆಗಲಿಲ್ಲ. ಗುಜರಿಯವರು ನನ್ನನ್ನು ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಗಂಡ ಸತ್ತವಳನ್ನು ಮೂಲೆಗೆ ಕೂರಿಸುವ ಹಾಗೆ ಅಲ್ಲಿ ಬಹಳ ಕಾಲ ಕೂತೆ. ಬಂದವರೆಲ್ಲ ಎತ್ತಿ ನೋಡಿದರು, ಮತ್ತೆ ಡಬ್ಬಿಗೆ ಹಾಕಿದರು.

ಕೊನೆಗೆ ಇಳಕಲ್ಲಿನ ಮೆಕ್ಯಾನಿಕ್ ಲಾಲಸಾಬ ನನ್ನ ಜೊತೆ ಇನ್ನೂ ಇಬ್ಬರನ್ನು ಚೀಲಕ್ಕೆ ಹಾಕಿಕೊಂಡು ತನ್ನ ಗ್ಯಾರೇಜಿಗೆ ತಂದ. ಅಲ್ಲಿ ಪಾರವ್ವ ಕಾಯುತ್ತಿದ್ದಳು.

ಪಾರವ್ವನ ಗಂಡ ಹೊಳೆಬಸಪ್ಪ ಇಳಕಲ್ಲಿನ ಕೆಂಪು ಕಲ್ಲಿಗೆ ಪಾಲಿಶ್ ಮಾಡುತ್ತಿದ್ದವನು. ಅವನು ಉಜ್ಜಿದ ಕಲ್ಲಿನಲ್ಲಿ ಮುಖ ನೋಡಿಕೊಂಡು ಊರಿನ ಗಂಡಸರೆಲ್ಲ ಮೀಸೆ ಕತ್ತರಿಸಿಕೊಳ್ಳುತ್ತಿದ್ದರಂತೆ. ಕಲ್ಲಿಗೆ ಹೊಳಪು ಬಂತು, ಅದರ ದೂಳು ಅವನ ಎದೆಗೆ ಇಳಿಯಿತು. ಈಗ ಆಕ್ಸಿಜನ್ ಸಿಲಿಂಡರಿನಿಂದ ಮೂಗಿಗೆ ಸಣ್ಣ ನಳಿಗೆ ಹಚ್ಚಿಕೊಂಡೇ ಕೂರುತ್ತಾನೆ. ವಾರವಾರ ಬಾಗಲಕೋಟೆಯ ಆಸ್ಪತ್ರೆಗೆ ಹೋಗಬೇಕು. ಬಸ್ಸಿನ ನೂಕಾಟ ಅವನಿಗೆ ಆಗದು. ಅನುಕೂಲವಿದ್ದ ಕಾಲದಲ್ಲಿ ಕೊಂಡ ಹಳೆಯ ಬಿಳಿ ಕಾರನ್ನು ಓಡಿಸಲು ಪಾರವ್ವ ಈ ವಯಸ್ಸಿನಲ್ಲಿ ಕಲಿತಳು. ಅವಳು ಕಲಿಯುವಾಗ ಓಣಿಯ ನಾಯಿಗಳು ಹೊರಗೇ ಬರುತ್ತಿರಲಿಲ್ಲವಂತೆ.

ಆ ಕಾರಿನ ಮೂಗು ಸತ್ತಿತ್ತು. ಪೆಟ್ರೋಲ್ ಅಳತೆ ತಪ್ಪಿ ಕಪ್ಪು ಹೊಗೆ ಹೊರಟು, ಡಿಕ್ಕಿಯ ಹರಿದ ರಬ್ಬರಿನಿಂದ ಒಳಗೆ ನುಗ್ಗಿ, ಹಿಂದಿನ ಸೀಟಿನಲ್ಲಿ ಕೂತ ಹೊಳೆಬಸಪ್ಪನ ಉಸಿರಿಗೇ ಬರುತ್ತಿತ್ತು. ಕಲ್ಲು ಉಳಿಸಿದ ಅಷ್ಟಿಷ್ಟು ಉಸಿರನ್ನೂ ಈ ಕಾರು ನುಂಗುತ್ತದೆ ಎಂಬ ಭಯ ಪಾರವ್ವನಿಗೆ.

ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಮೊದಲನೆಯವಳು ಥಳಥಳ ಹೊಸಬಳು. ಪ್ಲಗ್ಗಿಲ್ಲ, ಬರೀ ವೈರು. ಕತ್ತರಿಸಿ ಯಾವ ಕಾರಿಗಾದರೂ ಜೋಡಿಸಬಹುದು ಎಂದ ಲಾಲಸಾಬ.

"ಯಾರ ಮನಿಗಾದ್ರೂ ಹೋಗತೀನಿ ಅನ್ನಾಕಿನ್ನ ನಮ್ಮ ಮನಿಗೆ ತರ್ತಿಯೇನ ತಮ್ಮಾ?" ಎಂದಳು ಪಾರವ್ವ.

ಎರಡನೆಯವಳ ಮೂಗಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಎಂಜಿನ್ನಿನ ನೀರು ಸೋರಿ ಕೆಟ್ಟದ್ದು ಎಂದು ಲಾಲಸಾಬನೇ ಬದಿಗಿಟ್ಟ. ನನ್ನ ಮೂಗು ಬೂದುಗಂದು ಬಣ್ಣ, ಆರೋಗ್ಯದ ಬಣ್ಣ. ನನ್ನ ಮೊದಲ ಕಾರು ಮರ ಬಿದ್ದು ಸತ್ತದ್ದನ್ನೂ ಲಾಲಸಾಬ ಅವಳಿಗೆ ಹೇಳಿದ. ಪಾರವ್ವ ಅಷ್ಟಕ್ಕೇ ಬಿಡಲಿಲ್ಲ. ಸತ್ತ ಸೆನ್ಸರನ್ನೂ ನನ್ನನ್ನೂ ಅಂಗೈಯಲ್ಲಿ ಪಕ್ಕಪಕ್ಕ ಮಲಗಿಸಿ, ಮೈಮೇಲೆ ಕೊರೆದ ನಂಬರನ್ನು ಒಂದೊಂದೇ ಅಂಕಿಗೆ ಉಗುರಿಟ್ಟು ತಾಳೆ ನೋಡಿದಳು. ಅಕ್ಷರ ಅವಳಿಗೆ ಬಾರದು, ಆಕಾರ ಗೊತ್ತಿತ್ತು. ಎಲ್ಲ ಕೂಡಿತು. ಪ್ಲಗ್ಗೂ ಅದೇ.

ನನ್ನನ್ನು ಕೂರಿಸಿದ ಮೇಲೆ ಲಾಲಸಾಬ ಒಂದು ಮಾತು ಹೇಳಿದ: "ಅಕ್ಕಾ, ಇದರ ವೈರಿಗೆ, ಪ್ಲಗ್ಗಿಗೆ ಎಣ್ಣಿ, ಅಂಟು ಏನೂ ಹಚ್ಚಬ್ಯಾಡ. ಇದು ಅಲ್ಲಿಂದನ ಉಸಿರಾಡತೈತಿ."

"ಹೌದನ? ನಾಳೆ ಕುಡ್ಯಾಕ ಚಾನೂ ಕೇಳತೈತಿ ಬಿಡು," ಎಂದು ನಗಾಡಿಕೊಂಡೇ ಅವಳು ಕಾರು ಮನೆಗೆ ತಂದಳು.

ಮನೆಯ ಮುಂದೆ ಹೊಳೆಬಸಪ್ಪ ಬಾನೆಟ್ ತೆಗೆಸಿ, ಸ್ಟೂಲ್ ಹಾಕಿಸಿಕೊಂಡು ನನ್ನನ್ನು ನೋಡಲು ಕೂತ. ಪಾರವ್ವ ರೊಟ್ಟಿ ಬಡಿಯಲು ಒಳಗೆ ಹೋದಳು. ನನ್ನ ಪ್ಲಗ್ಗು ಹಳೆಯದು, ಮೈತುಂಬ ಬಿರುಕು; ವೈರಿನ ಸಿಪ್ಪೆಯೂ ಅಲ್ಲಲ್ಲಿ ಸೀಳಿತ್ತು. ಬಿರುಕು ಕಂಡರೆ ಸುಮ್ಮನಿರುವ ಕೈಯಲ್ಲ ಅವನದು. ಕಲ್ಲಿನ ಬಿರುಕು ಮುಚ್ಚುವ ಅಂಟು ಮನೆಯಲ್ಲಿ ಇನ್ನೂ ಉಳಿದಿತ್ತು. ಅದಕ್ಕೆ ಕೆಂಪು ಕಲ್ಲಿನ ಪುಡಿ ಕಲಸಿ, ಬೆರಳಿನಿಂದ ಎಲ್ಲ ಸಂದಿಗೂ ತುಂಬಿದ. ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿದ. ಉಜ್ಜಿದ, ದಣಿದು ಕೈ ನಿಲ್ಲಿಸಿದ, ಮತ್ತೆ ಉಜ್ಜಿದ. ಪಾರವ್ವ ಹೊರಗೆ ಬಂದಾಗ ನಾನು ಅರಮನೆಯ ಕಂಬದ ಹಾಗೆ ಹೊಳೆಯುತ್ತಿದ್ದೆ.

"ಸಂದಿ ಎಲ್ಲಿತ್ತು, ಹುಡುಕು ನೋಡೂಣು," ಎಂದ ಹೊಳೆಬಸಪ್ಪ. ಅವನ ಮುಖದಲ್ಲಿ ನಗುವಿತ್ತು.

ಲಾಲಸಾಬನ ಮಾತು ಅವಳ ತುಟಿಯವರೆಗೆ ಬಂತು. ನಾನು ಕಾದೆ. ಅವಳು ಗಂಡನ ಮುಖವನ್ನೇ ನೋಡಿದಳು. ಆಮೇಲೆ, ಕಲ್ಲಿನ ಹಾಗೆಯೇ ಆಗಿದೆ, ಸಂದಿ ಕಾಣುವುದೇ ಇಲ್ಲ ಎಂದು ಹೇಳಿ ಹಿಟ್ಟಿನ ಕೈ ಒರೆಸಿಕೊಂಡಳು.

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ, ಹುನಗುಂದ ದಾಟುತ್ತಲೇ ನನಗೆ ಉಸಿರು ಕಟ್ಟಿತು. ಹೊರಗಿನ ಗಾಳಿಯಿಲ್ಲ, ಹೋಲಿಸಲು ಏನೂ ಇಲ್ಲ. ಪೆಟ್ರೋಲ್ ಸಾಲದು, ಇನ್ನೂ ಸುರಿ ಎಂದು ನಾನು ಸುಳ್ಳು ಹೇಳತೊಡಗಿದೆ. ಕಂಪ್ಯೂಟರ್ ನಂಬಿ ಸುರಿಯಿತು. ಹಗಲು ರಾತ್ರಿಯಾಗುವಷ್ಟು ಕಪ್ಪು ಹೊಗೆ ಎದ್ದಿತು. ಕಾರು ಜಗ್ಗಿತು. ಹಿಂದಿನ ಸೀಟಿನಲ್ಲಿ ಕೆಮ್ಮು ಶುರುವಾಗಿದ್ದು ನಿಲ್ಲಲೇ ಇಲ್ಲ.

ಪಾರವ್ವ ಬೇವಿನ ಮರದ ಕೆಳಗೆ ನಿಲ್ಲಿಸಿ, ಅವನ ಕಡೆಯ ಬಾಗಿಲು ತೆರೆದು ಗಾಳಿ ಹಾಕಿದಳು. ಕೆಮ್ಮು ಇಳಿದ ಮೇಲೆ ಬಾನೆಟ್ ಎತ್ತಿ, ಅಂಟು ತುಂಬಿದ ನನ್ನ ಪ್ಲಗ್ಗನ್ನು ಸೆರಗಿನಿಂದ ಹಿಡಿದು ನೋಡಿದಳು. ಏನಾಗಿದೆ ಎಂದು ಅವನು ಕೇಳಿದ. ಅವಳು ಹೇಳಿದಳು, ಲಾಲಸಾಬ ಹೇಳಿದ್ದನ್ನೆಲ್ಲ.

"ಮತ್ತ ಆವತ್ತ ಯಾಕ ಹೇಳಲಿಲ್ಲ?"

"ನೀವು ನಕ್ಕಿದ್ರಿ," ಎಂದಳು ಪಾರವ್ವ. "ಎಷ್ಟ ದಿನಾ ಆಗಿತ್ತು ನೀವು ನಕ್ಕು."

ಹೊಳೆಬಸಪ್ಪ ತನ್ನ ಮೂಗಿನ ನಳಿಗೆಯನ್ನು ಸರಿಮಾಡಿಕೊಂಡ. ಜೇಬಿನಿಂದ ಅಡಿಕೆ ಕತ್ತರಿಸುವ ಸಣ್ಣ ಚಾಕು ತೆಗೆದು ಅವಳ ಕಡೆ ಚಾಚಿದ.

"ಅಂಟು ಕೆರಿ. ಅದಕ್ಕೂ ನನ್ನಂಗ ಆಗೂದು ಬ್ಯಾಡ."

ಅವಳು ಕೆರೆದಳು. ಅಂಟು ಚೂರುಚೂರಾಗಿ ಬಿತ್ತು. ವೈರು ಒಳಹೋಗುವ ಬದಿ ತೆರೆಯಿತು, ಒಂದು ಎಳೆ ಗಾಳಿ ಬಂತು. ಆ ಗಾಳಿಯ ರುಚಿಯನ್ನು ಲೋಕದ ಯಾವ ಅಡುಗೆಯವನೂ ತರಲಾರ. ನಿಧಾನವಾಗಿ ನಾನು ನಿಜ ಹೇಳತೊಡಗಿದೆ. ಹೊಗೆ ತಿಳಿಯಾಯಿತು. ಬಾಗಲಕೋಟೆ ಬರುವವರೆಗೆ ಹಿಂದಿನ ಸೀಟಿನವನು ನಿದ್ದೆ ಮಾಡಿದ.

ಬಿಳಿಜೋಳದ ರಾಶಿ ಮುಗಿಯುವ ಹೊತ್ತಿಗೆ ಹೊಳೆಬಸಪ್ಪ ತನ್ನ ಮಂಚದ ಮೇಲೆಯೇ ತೀರಿಕೊಂಡ. ಕೊನೆಯವರೆಗೂ ಕಾರಿನಲ್ಲಿ ಅವನು ಮತ್ತೆ ಹಾಗೆ ಕೆಮ್ಮಲಿಲ್ಲ. ಪಾರವ್ವ ಕಾರು ಮಾರಲಿಲ್ಲ. ಅವನ ಜೊತೆ ಕಲ್ಲು ಉಜ್ಜಿದವರು ಇನ್ನೂ ಇದ್ದರು, ಅವರ ಎದೆಯಲ್ಲೂ ಅದೇ ದೂಳು. ಅವರನ್ನು ಕೂರಿಸಿಕೊಂಡು ಅದೇ ಆಸ್ಪತ್ರೆಗೆ ಓಡಿಸಿದಳು. ನಾನು ಮೂಸುತ್ತಲೇ ಇದ್ದೆ, ನನ್ನ ಮೂಗೂ ಮುದಿಯಾಗುವವರೆಗೆ.

ಹೋದ ಶ್ರಾವಣದಲ್ಲಿ ಲಾಲಸಾಬ ಹೊಸಬಳನ್ನು ತಂದ. ಪಾರವ್ವ ಮತ್ತೆ ಉಗುರಿಟ್ಟು ಅಂಕಿ ತಾಳೆ ನೋಡಿ ಒಪ್ಪಿದಳು. ನನ್ನನ್ನು ಗುಜರಿ ಡಬ್ಬಿಗೆ ಎಸೆಯಲು ಅವನು ಕೈ ಎತ್ತಿದಾಗ ತಡೆದು ಇಸಿದುಕೊಂಡಳು. ಪ್ಲಗ್ಗನ್ನು ತಿರುಗಿಸಿ ನೋಡಿದಳು. ಆವತ್ತು ಅವಳು ಕೆರೆದಿದ್ದು ಒಂದೇ ಬದಿ, ನನ್ನ ಉಸಿರಿಗೆ ಬೇಕಾದಷ್ಟು. ಇನ್ನೊಂದು ಬದಿಯಲ್ಲಿ ಕೆಂಪು ಕಲ್ಲಿನ ಹೊಳಪು ಹಾಗೇ ಇತ್ತು. ಸೆರಗಿನಿಂದ ಅದನ್ನು ಒರೆಸಿದಳು.

ಈಗ ನಾನು ಅವಳ ಕಿಟಕಿಯಲ್ಲಿ ಇದ್ದೇನೆ. ನನ್ನನ್ನು ಇಲ್ಲಿ ಇಟ್ಟ ದಿನ ಅವಳು ಹೇಳಿದಳು:

"ನೀನೂ ಗಂಡನ್ನ ಕಳಕೊಂಡಾಕಿ, ನಾನೂ ಗಂಡನ್ನ ಕಳಕೊಂಡಾಕಿ. ಇಲ್ಲೇ ಕುಂದ್ರು. ಗಾಳಿ ಛಲೋ ಬರತೈತಿ."