ಮಾಳಿಗೆಯ ಮಣ್ಣು

ಐಗಳಿ ಊರಲ್ಲಿ ಮನೆಯ ಮೇಲಿನ ಮಾಳಿಗೆಗೆ ಮಣ್ಣು ಹಾಕುವುದಿದ್ದರೆ ಮಲಕಾರಿಯೇ ಬರಬೇಕು. ಜೂನಿನ ಮಿರಗದ ಮಳೆಗೆ ಮೊದಲು ಹಳೆಯ ಮಣ್ಣಿನ ಮೇಲೆ ಹೊಸದನ್ನು ಹರವಿ, ತುಳಿದು, ಬಡಿದು ಇಳಿದನೆಂದರೆ ಒಂದು ಹನಿಯೂ ಸೋರುತ್ತಿರಲಿಲ್ಲ. ಹಳೆಯದನ್ನು ತೆಗೆಯುವ ರೂಢಿ ಮಾತ್ರ ಯಾರಿಗೂ ಇರಲಿಲ್ಲ. ಅಪ್ಪ ಹಾಕಿದ್ದು, ಅಜ್ಜ ಹಾಕಿದ್ದು, ಎಲ್ಲವೂ ತಲೆಯ ಮೇಲೆಯೇ ಇರುತ್ತಿತ್ತು.

ತೊಂಬತ್ತಮೂರರಲ್ಲಿ, ಗಡಿಯಾಚೆ ಕಿಲ್ಲಾರಿ ಕಡೆ ಕೊಟ್ಟಿದ್ದ ಮಗಳು ಗಿರಿಜವ್ವ ಮನೆ ಸೋರುತ್ತಿದೆಯೆಂದು ಹೇಳಿಕಳಿಸಿದಳು. ಮಲಕಾರಿ ಹೋದ. ಅವಳು ಸಾಕು ಸಾಕೆಂದರೂ ಕೇಳದೆ ಗೇಣು ದಪ್ಪ ಮಣ್ಣು ಹಾಕಿ ಬಂದ. ಸೆಪ್ಟೆಂಬರಿನ ಕೊನೆಯ ದಿನ ಅಲ್ಲಿ ಭೂಮಿ ನಡುಗಿತು. ಗಿರಿಜವ್ವನೂ ಅವಳ ಗಂಡನೂ ಮಾಳಿಗೆಯಡಿ ಸಿಕ್ಕು ಸತ್ತರು. ಆರು ವರ್ಷದ ಮಗಳು ಸಕ್ಕುಬಾಯಿ ಒಬ್ಬಳೇ ಉಳಿದಳು.

ಮೊಮ್ಮಗಳನ್ನು ಐಗಳಿಗೆ ಕರೆತಂದರೆ ಅವಳು ಹೊಸ್ತಿಲು ದಾಟಲೊಲ್ಲಳು. ಬಾಯಿಂದ ಒಂದು ಮಾತಿಲ್ಲ. ಅಂಗಳದ ಬೇವಿನ ಗಿಡದ ಕೆಳಗೇ ಊಟ, ಅಲ್ಲೇ ನಿದ್ದೆ. ಅಜ್ಜಿ ಸೀತವ್ವ ಕೈ ಹಿಡಿದೆಳೆದರೆ ಸುಮ್ಮನೆ ಮಾಳಿಗೆಯತ್ತ ನೋಡುತ್ತಿದ್ದಳು. ಅದಕ್ಕಿಂತ ಚೀರಿದ್ದರೇ ಚೆನ್ನಾಗಿತ್ತು.

"ಭೂಮಿ ಯಾಕ ನಡುಗತೈತ್ರಿ?" ಎಂದು ಮಲಕಾರಿ ಸಾಲಿ ಮಾಸ್ತರ ಕಾಮಣ್ಣನನ್ನು ಕೇಳಿದ.

"ನೆಲದಡಿ ಬಂಡೆಗಲ್ಲ ಒಂದಕ್ಕೊಂದು ಒತ್ತಿಕೊಂಡಿರ್ತಾವು. ವರ್ಷಾನುಗಟ್ಲೆ ಒತ್ತಿ ಒತ್ತಿ ಒಮ್ಮೆಲೆ ಜಾರ್ತಾವು. ಆದ್ರ ಬರೇ ನಡುಗಿದ್ರ ಇಷ್ಟ ಮಂದಿ ಸಾಯ್ತಿದ್ದಿಲ್ಲ, ಮಲಕಾರಿ. ಮಾಳಗಿ ಮ್ಯಾಲಿನ ಮಣ್ಣಿನ ಭಾರ ಕೊಂದೈತಿ."

ಪಾಪ, ಗಿರಿಜವ್ವನ ಮಾಳಿಗೆಗೆ ಮಣ್ಣು ಹಾಕಿದ್ದು ಯಾರೆಂದು ಮಾಸ್ತರನಿಗೇನು ಗೊತ್ತು!

ಅಂದಿನಿಂದ ಮಲಕಾರಿಗೆ ಹಾಡಹಗಲೇ ಮಣ್ಣು ಉದುರುವ ಸಪ್ಪಳ ಕೇಳತೊಡಗಿತು. ರೊಟ್ಟಿ ಬಾಯಿಗಿಟ್ಟರೆ ಕರಕರ. ತೊಲೆಯ ಕೆಳಗೆ ಹೋದರೆ ಸಾಕು, "ಅಪ್ಪಾ, ಸಾಕು ಹಾಕಬ್ಯಾಡ" ಎಂದು ಗಿರಿಜವ್ವ ಕಿವಿಯಲ್ಲೇ ಅನ್ನುತ್ತಿದ್ದಳು. ಅವನೂ ಒಳಗೆ ಹೋಗಲು ಹೆದರಿದ.

ಒಂದು ಮುಂಜಾನೆ ಸಲಿಕೆ ಹಿಡಿದು ತನ್ನದೇ ಮಾಳಿಗೆ ಹತ್ತಿದ. ಮೂರು ದಿನ ಬುಟ್ಟಿಗಟ್ಟಲೆ ಕೆಳಗೆ ಸುರಿದ. ಕೊನೆಗೆ ಬರೀ ಹಲಗೆ ಉಳಿದವು. ಊರು ನಕ್ಕಿತು. ನಗುವ ಊರಿಗೇನು, ಅದಕ್ಕೆ ಖರ್ಚಿಲ್ಲ.

"ಹಿಂಗಾರಿ ಮಳಿ ಬರೂದೈತಿ, ಹುಚ್ಚ ಹಿಡದೈತೇನ ನಿಮಗ?" ಎಂದು ಸೀತವ್ವ ಮೊದಲ ದಿನವೇ ಕೆಳಗಿನಿಂದ ಕೂಗಿದ್ದಳು.

"ಆಕಿ ಮನಿ ಸೋರಿದ್ರ ಆಕಿ ಇರ್ತಿದ್ಲು. ನಾನ ಹಾಕೀನಿ ಮಣ್ಣು, ಈ ಕೈಲೇ," ಎಂದು ಮಲಕಾರಿ ಬಿಕ್ಕಿ ಬಿಕ್ಕಿ ಅತ್ತ. ಸೀತವ್ವ ಮುಂದಿನ ಬುಟ್ಟಿಗೆ ಕೈ ಚಾಚಿದಳು.

ಮಣ್ಣು ತೆಗೆದು ಮುಗಿದ ಮರುದಿನ ಮಧ್ಯಾಹ್ನ ಮಳೆ ಧೋ ಎಂದು ಸುರಿಯಿತು. ಮನೆಯೊಳಗೂ ಸುರಿಯಿತು. ಸಕ್ಕುಬಾಯಿ ಹೊಸ್ತಿಲಲ್ಲಿ ನಿಂತು ಅಂಗೈಯನ್ನು ಒಳಗೆ ಚಾಚಿದಳು. ಹನಿ ಬಿತ್ತು.

"ಅಜ್ಜಾ, ಸೋರತೈತಿ," ಎಂದಳು.

ಒಳಗೆ ಬಂದು, ನಡುಮನೆಯ ಹಸಿ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಹನಿ ಹಿಡಿಯಲು ಸೀತವ್ವ ಕೊಡ ತಂದಳು. ಮಲಕಾರಿಯೂ ಒಳಗೆ ಬಂದು ಅವಳ ಕೈ ಹಿಡಿದ.

"ಇಡಬ್ಯಾಡ. ಸಪ್ಪಳಕ್ಕ ಕೂಸು ಎದ್ದೀತು."