ಬೋಳುನೆತ್ತಿ

"ಹುಷಾರು ಕಣೇ, ಈಗ ಕಕ್ಕುತ್ತೆ!" ಎಂದು ಮೇಮೆ ಲೋಯ್ಡೆ ಕೂಗುವಷ್ಟರಲ್ಲಿ ಸೀಲ್ ಮರಿ ಕಕ್ಕಿಯೇ ಬಿಟ್ಟಿತ್ತು. ಹುಳಿ ಹಾಲು ಕೈನೋಳ ಕೆನ್ನೆಗೆ ಸಿಡಿದು, ಏಪ್ರನ್ನಿನ ಮೇಲಿಂದ ಇಳಿದು, ಬೆಚ್ಚಗೆ ಬೂಟಿನೊಳಗೆ ಸೇರಿಕೊಂಡಿತು.

"ಥೂ!"

"ಥೂ ಅಂದ್ರೆ ಬೇಜಾರ್ ಮಾಡ್ಕೊಳ್ಳುತ್ತೆ. ನಿನ್ನ ಸಲೂನಿಗೆ ಬರೋರಿಗೂ ಹಂಗೇ ಅಂತೀಯಾ?"

"ಅವ್ರು ಮೈಮೇಲೆ ಕಕ್ಕಲ್ಲ ಮೇಮೆ. ಬರೀ ಗಂಡಂದಿರ ವಿಷ್ಯ ಕಕ್ತಾರೆ."

ಮೀನಿನ ಕಾರ್ಖಾನೆಯಲ್ಲಿ ಮುದಿಯಾದ ಲೋಯ್ಡೆ, ಲ್ಯೂಡರಿಟ್ಸ್ ಎಂಬ ಆ ಕಡಲೂರಿಗೆಲ್ಲ ಮೇಮೆ, ಅಂದರೆ ತಾಯಿ. ಮರಿಗಳು "ಮೇಮೇ" ಎಂದು ಅರಚಿದಾಗಲೆಲ್ಲ "ಬಂದೇ, ಯಾವನೋ ಅವ್ನು ಕರೆದಿದ್ದು?" ಎಂದು ಅವುಗಳ ದನಿಯಲ್ಲೇ ಅಣಕಿಸುತ್ತಿದ್ದಳು.

ಸೀಲ್ ಹಿಂಡನ್ನು ಎಣಿಸುವ ಕೆಲಸ ಸರಳ. ಒಂದಷ್ಟು ಮರಿಗಳನ್ನು ಹಿಡಿದು, ನೆತ್ತಿಯ ಕಪ್ಪು ಕೂದಲನ್ನು ಒಳಗಿನ ಬಿಳುಪು ಕಾಣುವಂತೆ ಕತ್ತರಿಸಿ, ಹಿಂಡಿಗೆ ಬಿಡಬೇಕು. ಮುಂದಿನ ವಾರ ಬಂದು ನೋಡಿದಾಗ ಬೋಳುನೆತ್ತಿಗಳು ಎಷ್ಟು ಅಪರೂಪವಾಗಿ ಕಾಣುತ್ತವೋ ಹಿಂಡು ಅಷ್ಟು ದೊಡ್ಡದು ಎಂದು ಲೆಕ್ಕ. ಕತ್ತರಿಗೆ ಪಳಗಿದ ಕೈ ಬೇಕೆಂದು ಸ್ವಯಂಸೇವಕರ ಮುಖಂಡ ಎರಾಸ್ಟಸ್ ಕೈನೋಳನ್ನು ಕರೆತಂದಿದ್ದ. ಈಸ್ಟರ್ ಕಳೆದ ಮೇಲೆ ಅವರಿಬ್ಬರ ಮದುವೆ. ಹೊಲಿಸಿದ ಬಟ್ಟೆಯೂ ಮನೆಗೆ ಬಂದಿತ್ತು.

ನಾತಕ್ಕೆ ಮೂಗು ಮುಚ್ಚಿದರೆ ಅದು ನಾಲಗೆಗೆ ರುಚಿಯಾಗಿ ಬರುತ್ತಿತ್ತು. ಕರಿಬಂಡೆಗಳ ಸಂದಿಯಲ್ಲಿ ತುಳಿತಕ್ಕೆ ಸಿಕ್ಕು ಸತ್ತ ಮರಿಗಳು ಊದಿಕೊಂಡು ಬಿದ್ದಿದ್ದವು; ತಪ್ಪಿ ಕಾಲಿಟ್ಟರೆ ಪಿಸ್ಸೆನ್ನುತ್ತಿದ್ದವು. ಬೆಳಗ್ಗೆ ಬಂದವರಲ್ಲಿ ವಾಂತಿ ಮಾಡಿಕೊಳ್ಳದೆ ಉಳಿದವಳು ಕೈನೋ ಒಬ್ಬಳೇ ಇರಬೇಕು.

ಎರಾಸ್ಟಸ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಇಷ್ಟು ಬೋಳಿಸ್ಬೇಡ ಚಿನ್ನಾ. ಮೇಲ್ಮೇಲೆ ಕತ್ತರಿ ಆಡ್ಸು ಸಾಕು."

"ಆಮೇಲೆ ಗುರುತು ಸಿಗಲ್ವಲ್ಲೋ?"

"ಸಿಗ್ಬಾರ್ದು." ದನಿ ತಗ್ಗಿಸಿದ. "ಹಿಂಡು ದೊಡ್ಡದು ಅಂತ ಬಂದ್ರೆ ಈ ಸಲ ತೊಗಲಿಗೆ ಜಾಸ್ತಿ ಮರಿ ಹೊಡೆಯೋಕೆ ಅನುಮತಿ ಸಿಗುತ್ತೆ. ದೊಣ್ಣೆ ಹಿಡಿಯೋ ತಂಡ ನಮ್ಮಣ್ಣಂದೇ ಅಲ್ವಾ? ನಮ್ಮ ಮದ್ವೆ ಖರ್ಚು ಅವ್ನದೇ ಅಂತ ಮಾತಾಗಿದೆ."

"ನನ್ನ ಕೇಳಿದ್ಯಾ?"

"ನಿನ್ನ ಕತ್ತರಿ ನಂಬ್ಕೊಂಡೇ ಒಪ್ಕೊಂಡಿದ್ದು ಕಣೇ."

ಹೇಳುತ್ತಲೇ ಅವನು ಅವಳ ತೊಡೆಯ ಮೇಲಿದ್ದ ಮರಿಯ ಗದ್ದ ಎತ್ತಿ, ಅಂಗಡಿಯಲ್ಲಿ ಕಂಬಳಿ ನೋಡುವವನ ಹಾಗೆ ತುಪ್ಪಳವನ್ನು ಹಿಮ್ಮುಖವಾಗಿ ಸವರಿದ. "ಒಳ್ಳೇ ತೊಗಲು." ಅದೇ ಹೆಬ್ಬೆರಳಿನಿಂದ, ತುಂಬ ಮೆತ್ತಗೆ, ಅವಳ ಕೆನ್ನೆಯ ಮೇಲಿನ ಹಾಲು ಒರೆಸಿದ.

ಕೈನೋ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು.

"ಪಾಪ, ವಾಸನೆ," ಎಂದು ಬೆನ್ನು ಸವರಿದ.

"ಕೈ ತೆಗಿ."

"ಏನಾಯ್ತೇ?"

"ಕೈ ತೆಗಿ ಅಂದೆ."

ಸುತ್ತಲಿನವರು ತಿರುಗಿ ನೋಡಿದರು. ಎರಾಸ್ಟಸ್ ಹಲ್ಲು ಬಿಡುತ್ತ ಎದ್ದು, ದಿಬ್ಬದ ಮೇಲಿನ ಜೀಪಿನತ್ತ ನಡೆದ.

ಅವಳು ಬಾಯಿ ಒರೆಸಿಕೊಂಡು ಮರಿಯನ್ನು ಮಂಡಿಗಳ ನಡುವೆ ಬಿಗಿಹಿಡಿದಳು. ಕಿವಿಯಿಂದ ಕಿವಿಯವರೆಗೆ, ಬುಡ ಕಾಣುವ ಹಾಗೆ ಕತ್ತರಿಸಿದಳು. ಮುಂದಿನದಕ್ಕೂ ಹಾಗೇ. ಅದರ ಮುಂದಿನದು ಮುಂಗೈ ಕಚ್ಚಿತು, ಅದಕ್ಕೂ ಹಾಗೇ.

"ಅವ್ನು ಅಲ್ಲಿಂದ್ಲೇ ನೋಡ್ತಿದಾನೆ," ಎಂದಳು ಲೋಯ್ಡೆ, ಇನ್ನೊಂದು ಮರಿಯನ್ನು ತಂದು ಕೊಡುತ್ತ. ಈ ಸಲ ಯಾರ ದನಿಯನ್ನೂ ಅಣಕಿಸಲಿಲ್ಲ.

"ನೋಡ್ಲಿ. ಮುಂದಿನ ವಾರ ಎಲ್ರೂ ನೋಡ್ತಾರೆ."

ಹೊರಡುವಾಗ ಜೀಪಿನಲ್ಲಿ ಎರಾಸ್ಟಸ್ ಪಕ್ಕದ ಮುಂದಿನ ಸೀಟು ಅವಳಿಗೆಂದು ಖಾಲಿಯಿತ್ತು. ಕೈನೋ ಹಿಂದೆ ಹತ್ತಿ, ಗಬ್ಬು ನಾರುವ ಬೂಟುಗಳನ್ನು ಸರಿಸಿ ಕೂತಳು.

"ಮುಂದೆ ಕೂರಲ್ವೇನೆ?"

"ಅಲ್ಲಿ ನಾತ, ಮೇಮೆ."

ಕೆಳಗೆ ತಾಯಿ ಸೀಲೊಂದು ಒದ್ದೆ ಮೈ ಎಳೆದುಕೊಂಡು ಬಂಡೆಗೆ ಬಂತು. ಅಡ್ಡ ಬಂದ ಮರಿಗಳನ್ನೆಲ್ಲ ಮೂಸಿ ಮೂಸಿ ಆಚೆ ತಳ್ಳಿತು. ಬೋಳುನೆತ್ತಿಯದೊಂದರ ಮುಂದೆ ನಿಂತು, ಆ ಹೊಸ ಬಿಳುಪನ್ನು ಬಹಳ ಹೊತ್ತು ಮೂಸಿ, ಅದಕ್ಕೆ ಹಾಲೂಡಿಸಲು ಮಗ್ಗುಲಾಗಿ ಮಲಗಿತು.